ಮೊಬೈಲೂ ಲೋಲಕವೂ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯನ್ನು ಒಮ್ಮೆಯಾದರೂ ಹೊಕ್ಕು ಬಂದವರಿಗೆ ಸರಳಲೋಲಕದ ಪ್ರಯೋಗವು ಅಪರಿಚಿತವಲ್ಲ. ಲೋಹದ ಗುಂಡೊಂದನ್ನು ದಾರಕ್ಕೆ ಕಟ್ಟಿ ತೂಗಬಿಡುವುದು. ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್ ವಾಚಿನಿಂದ ಅಳೆಯುವುದು. ದಾರದ ಉದ್ದವನ್ನು ಬದಲಾಯಿಸಿ ಮತ್ತೆ ಅಳೆಯುವುದು. ಕೊನೆಗೆ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ನಾವು ಅಧ್ಯಾಪಕ ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ಈ ಪ್ರಯೋಗದ ರೆಕಾರ್ಡು ಪುಸ್ತಕಗಳನ್ನು ರಾಶಿರಾಶಿಯಾಗಿ ತಿದ್ದಿದ್ದೇವೆ. ಎಲ್ಲವುಗಳಲ್ಲಿಯೂ ಫಲಿತಾಂಶವು ಹೆಚ್ಚುಕಡಮೆ ಒಂದೇ: ಪ್ರತಿ ಸೆಕೆಂಡಿಗೆ, ಪ್ರತಿ ಸೆಕೆಂಡಿಗೆ 981 ಸೆಂಟಿಮೀಟರು. ಕೆಲವರು 980 ಎಂದೂ, ಸ್ವಲ್ಪ ಧೈರ್ಯವುಳ್ಳವರು 982 ಎಂದೂ ಬರೆದಿರುತ್ತಿದ್ದರು. ನಾವು ಕೆಂಪು ಶಾಯಿಯಲ್ಲಿ ರುಜು ಹಾಕಿ ಹಿಂದಿರುಗಿಸುತ್ತಿದ್ದೆವು.

ನಮ್ಮ ಕಾಲೇಜು ಇರುವುದು ಬೆಂಗಳೂರಿನಲ್ಲಿ. ಭೂಮಿಯು ಸಮಭಾಜಕದಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಅಲ್ಲದೆ ತನ್ನ ಅಕ್ಷದ ಮೇಲೆ ತಿರುಗುತ್ತಲೂ ಇದೆ. ಈ ಎರಡು ಕಾರಣಗಳಿಂದ ಗುರುತ್ವ ವೇಗೋತ್ಕರ್ಷವು ಎಲ್ಲ ಊರುಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಸಮುದ್ರಮಟ್ಟದಲ್ಲಿ ಅದು ಸಮಭಾಜಕದ ಬಳಿ ಸುಮಾರು 978, ಧ್ರುವಗಳ ಬಳಿ ಸುಮಾರು 983. ಲಂಡನ್ ನಗರದಲ್ಲಿ 981. ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರುಗಳಿಗೂ ಮೇಲೆ ಇರುವ ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 978. ಎಂದಮೇಲೆ ನಮ್ಮ ವಿದ್ಯಾರ್ಥಿಗಳು ವರ್ಷ ವರ್ಷವೂ ಬೆಂಗಳೂರಿನಲ್ಲಿ ಲೋಲಕವನ್ನು ತೂಗಿ ಲಂಡನ್ನಿನ ಗುರುತ್ವವನ್ನು ಕಂಡುಹಿಡಿಯುತ್ತಿದ್ದರು! ನಾವು ಅದಕ್ಕೆ ರುಜು ಹಾಕುತ್ತಿದ್ದೆವು.

ತಪ್ಪು ಯಾರದು? ವಿದ್ಯಾರ್ಥಿಗಳದೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರು ಮಾಡಿದ್ದಾದರೂ ಏನು? ಪುಸ್ತಕದಲ್ಲಿರುವ ಅಂಕೆಯೇ ನಮಗೆ ಬೇಕಾದುದೆಂದು ತಿಳಿದು ಅದನ್ನೇ ಒದಗಿಸಿದರು. ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ, ಅದಕ್ಕೆ ತಕ್ಕ ಕಾಲವನ್ನು ಕೋಷ್ಟಕದಲ್ಲಿ ತುಂಬಿದರು. ಇಲ್ಲವೆ ಹಿಂದಿನ ವರ್ಷದವರ ಪುಸ್ತಕವನ್ನು ನೋಡಿ ಇಳಿಸಿಕೊಂಡರು. ಪ್ರಕೃತಿಯನ್ನು ಪ್ರಶ್ನಿಸಬೇಕಾದ ಕೊಠಡಿಯಲ್ಲಿ ಅವರು ಅಧ್ಯಾಪಕರ ಮನಸ್ಸನ್ನು ಓದುವ ವಿದ್ಯೆಯನ್ನು ಕಲಿತರು. ಆ ವಿದ್ಯೆಯನ್ನು ಕಲಿಸಿದವರು ನಾವೇ.

ಹೊಸ ಉಪಕರಣಗಳ ಮೂಲಕ ಇಂದಿನ ವಿದ್ಯಾರ್ಥಿಗಳಿಗೆ ಪಾಠ ಹೇಳುವ ವಿಚಾರವನ್ನು ಕುರಿತು ಬರೆಯಹೊರಟವರು ಈ ಹಳೆಯ ಲೋಲಕದ ಕತೆಯನ್ನು ಏಕೆ ತೆಗೆದರೆಂದು ವಾಚಕರು ಕೇಳಬಹುದು. ಕಾರಣವುಂಟು. ಈ ವಿಷಯದಲ್ಲಿ ಇಂದು ಎರಡು ಪಕ್ಷಗಳು ಎದುರುಬದುರಾಗಿ ನಿಂತಿವೆ. ಮೊಬೈಲು ವಿದ್ಯಾರ್ಥಿಗಳನ್ನು ಹಾಳುಮಾಡುತ್ತಿದೆ, ಅದನ್ನು ಕಾಲೇಜಿನ ಬಾಗಿಲಲ್ಲಿಯೇ ಕಿತ್ತಿಡಬೇಕು ಎಂಬುದು ಒಂದು ಪಕ್ಷ. ಕಪ್ಪುಹಲಗೆಯ ಕಾಲ ಮುಗಿಯಿತು, ಎಲ್ಲ ಪಾಠವನ್ನೂ ಪರದೆಯ ಮೇಲೆ ಮೂಡಿಸಿದರೆ ವಿದ್ಯಾರ್ಥಿಗಳು ಆಸಕ್ತಿಯಿಂದ ಕಲಿಯುತ್ತಾರೆ ಎಂಬುದು ಇನ್ನೊಂದು. ಮೊದಲನೆಯ ಪಕ್ಷದವರ ಆತಂಕವು ಸುಳ್ಳಲ್ಲ. ಆದರೆ ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಳ್ಳುವುದು ಚಿಕಿತ್ಸೆಯಾಗಲಾರದು. ಎರಡನೆಯ ಪಕ್ಷದವರ ಉತ್ಸಾಹವೂ ಮೆಚ್ಚತಕ್ಕದ್ದೇ. ಆದರೆ ಅವರು ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರವನ್ನು ಮರೆತಿದ್ದಾರೆ. ಉಪಕರಣವು ವಿದ್ಯಾರ್ಥಿಗೆ ಏನನ್ನು ತೋರಿಸುತ್ತದೆ ಎಂಬುದು ಮುಖ್ಯವಲ್ಲ, ಅದರಿಂದ ವಿದ್ಯಾರ್ಥಿಯು ತಾನೇ ಏನನ್ನು ಅಳೆಯುತ್ತಾನೆ ಎಂಬುದು ಮುಖ್ಯ. ಇದು ನಮ್ಮ ಅಭಿಪ್ರಾಯ.

ಪರದೆಯ ಮೇಲಿನ ಭರವಸೆಯು ಹೊಸದೇನೂ ಅಲ್ಲ. ಚಲನಚಿತ್ರದ ಪ್ರವರ್ತಕರಲ್ಲಿ ಒಬ್ಬನಾದ ಎಡಿಸನ್ನನು 1913ರಷ್ಟು ಹಿಂದೆಯೇ, ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವುವೆಂದು ಭವಿಷ್ಯ ನುಡಿದಿದ್ದನು. ಒಂದು ಶತಮಾನ ಕಳೆದರೂ ಪುಸ್ತಕಗಳು ಉಳಿದಿವೆ. ನಮ್ಮ ದೇಶದಲ್ಲಿ 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಇಸ್ರೊ ಸಂಸ್ಥೆಯು ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಮುಟ್ಟಿಸಿತು. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಲಾಯಿತು. 2010ರಲ್ಲಿ ಅದರ ಸೇವೆ ಮುಗಿಯಿತು. ಇವೆಲ್ಲವೂ ದೊಡ್ಡ ಸಾಹಸಗಳು. ಅಧ್ಯಾಪಕರಿಲ್ಲದ ಕಡೆಗೆ ಅಧ್ಯಾಪಕರ ಧ್ವನಿಯನ್ನು ಕೊಂಡೊಯ್ದುದು ಸಣ್ಣ ಸೇವೆಯಲ್ಲ. ಆದರೆ ಬಹುಮಟ್ಟಿಗೆ ಅವು ಒಂದೇ ದಿಕ್ಕಿನಲ್ಲಿ ಹರಿದ ನೀರು. ಪರದೆಯು ಮಾತನಾಡುತ್ತಿತ್ತು, ವಿದ್ಯಾರ್ಥಿಯು ಕೇಳುತ್ತಿದ್ದನು. ಅವನ ಕೈಗಳಿಗೆ ಕೆಲಸವಿರಲಿಲ್ಲ.

ನಾವೂ ಇದೇ ತಪ್ಪನ್ನು ಮಾಡಿದ್ದೇವೆ. ನಮ್ಮ ತರಗತಿಗೆ ದೊಡ್ಡ ಪರದೆಯೊಂದು ಬಂದ ಹೊಸತರಲ್ಲಿ ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. 1971ರಲ್ಲಿ ಅಪೊಲೊ 15ರ ಯಾತ್ರಿಯಾದ ಡೇವಿಡ್ ಸ್ಕಾಟನು ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಹಕ್ಕಿಯ ಗರಿಯೊಂದನ್ನೂ ಏಕಕಾಲದಲ್ಲಿ ಕೈಬಿಟ್ಟನಷ್ಟೆ. ಎರಡೂ ಒಟ್ಟಿಗೆ ನೆಲವನ್ನು ಮುಟ್ಟುವ ಆ ದೃಶ್ಯವನ್ನು ನಾವು ವಿದ್ಯಾರ್ಥಿಗಳಿಗೆ ತೋರಿಸಿದೆವು. ತರಗತಿಯು ಚಪ್ಪಾಳೆ ತಟ್ಟಿತು. ಪಾಠವು ಗೆದ್ದಿತೆಂದು ನಾವು ಬೀಗಿದೆವು. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ, ಅವೆರಡೂ ಒಟ್ಟಿಗೆ ಬಿದ್ದುದೇಕೆ ಎಂದು ಕೇಳಿದೆವು. ಚಂದ್ರನಲ್ಲಿ ಗುರುತ್ವವೇ ಇಲ್ಲವಾದುದರಿಂದ ಎಂದು ಹಲವರು ಬರೆದಿದ್ದರು! ಗುರುತ್ವವಿಲ್ಲದಿದ್ದರೆ ಅವು ಬಿದ್ದುದಾದರೂ ಹೇಗೆ ಎಂಬ ಪ್ರಶ್ನೆಯು ಅವರಿಗೆ ಹೊಳೆದಿರಲಿಲ್ಲ. ದೃಶ್ಯವು ಕಣ್ಣನ್ನು ತುಂಬಿತ್ತು. ಹಳೆಯ ತಪ್ಪು ಕಲ್ಪನೆಯು ಮನಸ್ಸಿನಲ್ಲಿ ಹಾಗೆಯೇ ಕುಳಿತಿತ್ತು.

ಇದು ನಮ್ಮೊಬ್ಬರ ಅನುಭವವಲ್ಲವೆಂದು ಆಮೇಲೆ ತಿಳಿಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರೂ ಅವರ ಸಂಗಡಿಗರೂ ತರಗತಿಯಲ್ಲಿ ತೋರಿಸುವ ಪ್ರಯೋಗಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಲೇಖನವೊಂದುಂಟು. ಪ್ರಯೋಗವನ್ನು ಸುಮ್ಮನೆ ನೋಡಿದವರ ತಿಳಿವಳಿಕೆಯು ಅದನ್ನು ನೋಡದೆಯೇ ಇದ್ದವರದಕ್ಕಿಂತ ಮೇಲಾಗಿರಲಿಲ್ಲ. ಆದರೆ ಏನಾಗಬಹುದೆಂದು ಮೊದಲೇ ಊಹಿಸಿ ಹೇಳಿ ಆಮೇಲೆ ನೋಡಿದವರು ಗಮನಾರ್ಹವಾಗಿ ಹೆಚ್ಚು ಕಲಿತಿದ್ದರು. ಅದೇ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಿಂದ 2019ರಲ್ಲಿ ಇನ್ನೊಂದು ವಿಚಿತ್ರವೂ ಹೊರಬಂದಿತು. ನಿರರ್ಗಳವಾದ ಉಪನ್ಯಾಸವನ್ನು ಕೇಳಿದ ವಿದ್ಯಾರ್ಥಿಗಳು ತಾವು ಬಹಳ ಕಲಿತೆವೆಂದು ಭಾವಿಸಿದರು. ಸ್ವತಃ ತಲೆ ಕೆಡಿಸಿಕೊಂಡು ಸಮಸ್ಯೆಗಳನ್ನು ಬಿಡಿಸಿದವರು ತಾವು ಕಡಮೆ ಕಲಿತೆವೆಂದು ಭಾವಿಸಿದರು. ಪರೀಕ್ಷೆ ಮಾಡಿ ನೋಡಿದಾಗ ಹೆಚ್ಚು ಕಲಿತಿದ್ದವರು ಎರಡನೆಯವರೇ! ಆದುದರಿಂದ ಪಾಠವು ಹಿತವಾಗಿತ್ತೆಂಬುದು ಅದು ತಲೆಗೆ ಹತ್ತಿತೆಂಬುದಕ್ಕೆ ಸಾಕ್ಷಿಯಾಗಲಾರದು. ಆಸಕ್ತಿಯನ್ನು ಹುಟ್ಟಿಸುವುದು ಬಾಗಿಲನ್ನು ತೆರೆದಂತೆ. ಒಳಗೆ ನಡೆದುಹೋಗುವ ಕೆಲಸವು ಇನ್ನೂ ಉಳಿದೇ ಇರುತ್ತದೆ.

ಹಾಗಾದರೆ ಹೊಸ ಉಪಕರಣಗಳಿಂದ ಪ್ರಯೋಜನವೇ ಇಲ್ಲವೆ? ಖಂಡಿತವಾಗಿಯೂ ಇದೆ. ವಿದ್ಯಾರ್ಥಿಗಳ ಜೇಬಿನಲ್ಲಿರುವ ಮೊಬೈಲನ್ನೇ ನೋಡೋಣ. ಅದು ಮಾತನಾಡುವ, ಚಿತ್ರ ತೋರಿಸುವ ಯಂತ್ರವೆಂದು ಎಲ್ಲರೂ ಬಲ್ಲರು. ಅದೊಂದು ಅಳತೆಯ ಪೆಟ್ಟಿಗೆಯೂ ಹೌದೆಂಬುದನ್ನು ಬಲ್ಲವರು ಕಡಮೆ. ಶಬ್ದವನ್ನು ಗ್ರಹಿಸುವ ಮೈಕ್ರೊಫೋನು, ಬೆಳಕನ್ನು ಅಳೆಯುವ ಸಂವೇದಕ, ವೇಗೋತ್ಕರ್ಷವನ್ನು ಅಳೆಯುವ ಸಂವೇದಕ, ಅನೇಕ ಮೊಬೈಲುಗಳಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಸಂವೇದಕ, ಕೆಲವದರಲ್ಲಿ ವಾಯುಭಾರಮಾಪಕ ಇವೆಲ್ಲವೂ ಅದರೊಳಗೆ ಅಡಗಿವೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಈ ಸಂವೇದಕಗಳ ಅಂಕೆಗಳನ್ನು ಓದುವುದಕ್ಕಾಗಿ ‘ಫೈಫಾಕ್ಸ್’ ಎಂಬ ತಂತ್ರಾಂಶವನ್ನು 2016ರಲ್ಲಿ ಹೊರತಂದರು. ಅದಕ್ಕೆ ಬೆಲೆಯಿಲ್ಲ. ಒಮ್ಮೆ ಇಳಿಸಿಕೊಂಡಮೇಲೆ ಅಂತರಜಾಲದ ಸಂಪರ್ಕವಿಲ್ಲದೆಯೂ ಅಳತೆಗಳನ್ನು ಮಾಡಬಹುದು.

ವೇಗೋತ್ಕರ್ಷದ ಸಂವೇದಕವು ಬಹು ಚಮತ್ಕಾರದ ವಸ್ತು. ಸಿಲಿಕಾನಿನ ಅತಿ ಸಣ್ಣ ತುಂಡೊಂದು ಸಿಲಿಕಾನಿನದೇ ಆದ ಎಳೆಗಳಿಂದ ತೂಗಿಕೊಂಡಿರುತ್ತದೆ. ಈ ಎಳೆಗಳು ಸ್ಪ್ರಿಂಗಿನಂತೆ ಬಾಗಬಲ್ಲವು. ತುಂಡು ಒಂದಿಷ್ಟು ಸರಿದರೆ, ಪಕ್ಕದಲ್ಲಿರುವ ಫಲಕಗಳಿಗೂ ಅದಕ್ಕೂ ನಡುವಣ ವಿದ್ಯುತ್ ಧಾರಕತೆಯು ಬದಲಾಗುತ್ತದೆ. ಆ ಬದಲಾವಣೆಯನ್ನೇ ಮೊಬೈಲು ಅಂಕೆಯನ್ನಾಗಿ ಮಾಡಿ ತೋರಿಸುತ್ತದೆ. ಮೊಬೈಲನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡವಾಗಿ ತಿರುಗುವುದು ಇದರ ಸಹಾಯದಿಂದಲೇ.

ನಾವು ಈಗ ತರಗತಿಯಲ್ಲಿ ಹೀಗೆ ಮಾಡುತ್ತೇವೆ. ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, ಇದರ ವೇಗೋತ್ಕರ್ಷದ ಸಂವೇದಕವು ಎಷ್ಟು ತೋರಿಸಬೇಕೆಂದು ಕೇಳುತ್ತೇವೆ. ಅಲುಗಾಡದೆ ಇರುವುದರಿಂದ ಸೊನ್ನೆ ಎನ್ನುತ್ತಾರೆ. ಇದನ್ನು 125 ಸೆಂಟಿಮೀಟರು ಎತ್ತರದಿಂದ ಮೆತ್ತನೆಯ ಹಾಸಿಗೆಯ ಮೇಲೆ ಬೀಳಿಸಿದರೆ ಎಷ್ಟು ತೋರಿಸೀತೆಂದು ಕೇಳುತ್ತೇವೆ. 9.8 ಎನ್ನುತ್ತಾರೆ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾಗದದ ಮೇಲೆ ಬರೆದಿಡಬೇಕು, ಇದು ಕಡ್ಡಾಯ. ಆಮೇಲೆ ಪ್ರಯೋಗ. ಮೇಜಿನ ಮೇಲಿರುವಾಗ ಅಂಕೆಯು 9.8ರ ಸಮೀಪದಲ್ಲಿ ನಿಲ್ಲುತ್ತದೆ. ಬೀಳುವ ಅರ್ಧ ಸೆಕೆಂಡು ಮಾತ್ರ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ! ತರಗತಿಯಲ್ಲಿ ಆಗ ಏಳುವ ಗದ್ದಲವನ್ನು ವಾಚಕರು ನೋಡಬೇಕು. ಸಂವೇದಕ ಕೆಟ್ಟಿದೆ ಎಂದು ಒಬ್ಬನು. ಬೇರೆ ಮೊಬೈಲಿನಲ್ಲಿ ನೋಡೋಣವೆಂದು ಇನ್ನೊಬ್ಬಳು. ಎಲ್ಲ ಮೊಬೈಲುಗಳೂ ಅದನ್ನೇ ಹೇಳಿದಮೇಲೆ ಅವರು ನಿಜವಾಗಿ ಯೋಚಿಸತೊಡಗುತ್ತಾರೆ. ಮೇಜಿನ ಮೇಲೆ ಸಿಲಿಕಾನಿನ ತುಂಡನ್ನು ಎಳೆಗಳು ಹೊತ್ತಿರಬೇಕು, ಆದುದರಿಂದ ಅವು ಬಾಗಿವೆ. ಬೀಳುವಾಗ ಎಳೆಗಳೂ ತುಂಡೂ ಒಟ್ಟಿಗೆ ಬೀಳುತ್ತಿರುವುದರಿಂದ ಹೊರುವ ಕೆಲಸವೇ ಇಲ್ಲ. ಇಷ್ಟನ್ನು ಅವರೇ ಕಂಡುಕೊಂಡರೆ, ಉಪಗ್ರಹದಲ್ಲಿ ಕುಳಿತವರು ತೇಲುವುದೇಕೆ ಎಂಬುದನ್ನು ನಾವು ಬೇರೆಯಾಗಿ ಹೇಳಬೇಕಾದುದಿಲ್ಲ. 1907ರಲ್ಲಿ ಐನ್‌ಸ್ಟೈನರನ್ನು ಸಾಪೇಕ್ಷತೆಯ ಮುಂದಿನ ಮೆಟ್ಟಿಲಿಗೆ ಕೊಂಡೊಯ್ದ ವಿಚಾರವೂ, ಬೀಳುತ್ತಿರುವವನಿಗೆ ತನ್ನ ಭಾರವು ತಿಳಿಯುವುದಿಲ್ಲವೆಂಬ ಇದೇ ವಿಚಾರ.

ಇನ್ನೊಂದು ಲಾಭವು ಇದಕ್ಕಿಂತಲೂ ಹೆಚ್ಚಿನದು. ಮೇಜಿನ ಮೇಲಿಟ್ಟ ನಾಲ್ಕು ಮೊಬೈಲುಗಳು ಒಂದೇ ಅಂಕೆಯನ್ನು ತೋರಿಸುವುದಿಲ್ಲ. ಒಂದು 9.72 ಎಂದರೆ ಇನ್ನೊಂದು 9.86 ಎನ್ನುತ್ತದೆ. ಯಾವುದು ನಿಜ? ಯಂತ್ರವು ಹೇಳಿದ್ದೆಲ್ಲವೂ ವೇದವಾಕ್ಯವಲ್ಲವೆಂಬ ಪಾಠ ಇಲ್ಲಿಂದ ಮೊದಲಾಗುತ್ತದೆ. ಮೊಬೈಲನ್ನು ಮಗುಚಿ ಹಾಕಿ ಮತ್ತೆ ಓದಿರೆಂದು ನಾವು ಸೂಚಿಸುತ್ತೇವೆ. ಮೇಲ್ಮುಖವಾಗಿದ್ದಾಗ 9.86 ತೋರಿಸಿದ್ದು ಕೆಳಮುಖವಾದಾಗ ಋಣ 9.70 ತೋರಿಸಿತೆನ್ನೋಣ. ಸಂವೇದಕದ ಸೊನ್ನೆಯು 0.08ರಷ್ಟು ಪಕ್ಕಕ್ಕೆ ಸರಿದಿದೆ ಎಂದಾಯಿತು. ಚಿಹ್ನೆಯನ್ನು ಬಿಟ್ಟು ಎರಡರ ಸರಾಸರಿಯನ್ನು ತೆಗೆದರೆ 9.78. ಉಪಕರಣದ ದೋಷವನ್ನು ಉಪಕರಣದಿಂದಲೇ ಹೊರಗೆಡಹುವ ಈ ಉಪಾಯವನ್ನು ಕಂಡ ವಿದ್ಯಾರ್ಥಿಯು ಮುಂದೆ ಯಾವ ಅಂಕೆಯನ್ನೂ ಕಣ್ಣು ಮುಚ್ಚಿ ನಂಬಲಾರನು.

ಈಗ ಲೋಲಕಕ್ಕೆ ಹಿಂದಿರುಗೋಣ. ಎರಡು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ಒಂದು ಮೀಟರು ಉದ್ದದ ಲೋಲಕವನ್ನು ತೂಗಿ, ಇಪ್ಪತ್ತು ಆಂದೋಲನಗಳಿಗೆ 40.3 ಸೆಕೆಂಡೆಂದು ಅಳೆದು, 972 ಎಂಬ ಉತ್ತರವನ್ನು ತಂದಳು. “ಸಾರ್, ಇದನ್ನು ಸರಿಮಾಡಿ ಬರೆಯಲೆ?” ಎಂದು ಕೇಳಿದಳು. ಸರಿಮಾಡುವುದೆಂದರೆ 981 ಮಾಡುವುದೆಂದು ಅರ್ಥ. “ಏನು ಬಂದಿತೋ ಅದನ್ನೇ ಬರೆಯಮ್ಮ. ಆದರೆ ಎಷ್ಟು ನಂಬಬಹುದೆಂಬುದನ್ನೂ ಬರೆ” ಎಂದೆವು. ಮೊಬೈಲಿನ ಗಡಿಯಾರವು ಸೆಕೆಂಡಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ಆದರೆ ಅದನ್ನು ಒತ್ತುವ ಬೆರಳು ಅಷ್ಟು ಚುರುಕಲ್ಲ. ಸೆಕೆಂಡಿನ ಹತ್ತನೆಯ ಎರಡು ಭಾಗ ಹೆಚ್ಚುಕಡಮೆಯಾಗುವುದು ಸಹಜ. 40 ಸೆಕೆಂಡಿನಲ್ಲಿ ಅದು ಶೇಕಡಾ ಅರ್ಧ. ಕಾಲವನ್ನು ವರ್ಗ ಮಾಡುವುದರಿಂದ ಉತ್ತರದಲ್ಲಿ ಶೇಕಡಾ ಒಂದು, ಎಂದರೆ ಸುಮಾರು 10. ಅವಳು 972, ಹತ್ತು ಹೆಚ್ಚು ಇಲ್ಲವೆ ಕಡಮೆ ಎಂದು ಬರೆದಳು. ನಾವು ಸಂತೋಷದಿಂದ ರುಜು ಹಾಕಿದೆವು. ಇಪ್ಪತ್ತೇ ಆಂದೋಲನಗಳಿಂದ ಎಲ್ಲರಿಗೂ 981 ಬರುತ್ತಿದ್ದುದು ಎಂತಹ ಅಸಂಭವವೆಂಬುದು ಈಗ ವಾಚಕರಿಗೆ ಸ್ಪಷ್ಟವಾಗಿರಬಹುದು.

ಆದರೆ ಕತೆಯು ಅಲ್ಲಿಗೆ ಮುಗಿಯಲಿಲ್ಲ. ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ಮತ್ತೆ ಅದೇ ಪ್ರಯೋಗ ಬಂದಿತು. ಅವಳು ಮತ್ತೆ ತನಗೆ ಬಂದ ಉತ್ತರವನ್ನೇ ಪ್ರಾಮಾಣಿಕವಾಗಿ ಬರೆದಳು. ಅದು 981ರಿಂದ ದೂರವಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಫಲಿತಾಂಶದ ಅಂಕಗಳನ್ನು ಕಳೆದರು. ಪಕ್ಕದ ಮೇಜಿನಲ್ಲಿ 981 ಎಂದು ಬರೆದವನಿಗೆ ಪೂರ್ಣ ಅಂಕಗಳು ದೊರೆತವು. ನಾವು ವಾದಿಸಿದೆವು, ಪ್ರಯೋಜನವಾಗಲಿಲ್ಲ. ಹೊರಗೆ ನಿಂತಿದ್ದ ಆ ಹುಡುಗಿಯ ಮುಖವನ್ನು ನಾವು ಇನ್ನೂ ಮರೆತಿಲ್ಲ. ನಿಜವನ್ನು ಬರೆ ಎಂದವರು ನಾವು. ದಂಡ ತೆತ್ತವಳು ಅವಳು.

ಆದುದರಿಂದಲೇ ನಾವು ಹೇಳುವುದು ಇಷ್ಟು. ಪ್ರಯೋಗಶಾಲೆಗೆ ಮೊಬೈಲನ್ನು ಬಿಟ್ಟುಕೊಂಡ ಮಾತ್ರಕ್ಕೆ, ಗೋಡೆಗೆ ಬೆಲೆಬಾಳುವ ಪರದೆಯನ್ನು ತೂಗುಹಾಕಿದ ಮಾತ್ರಕ್ಕೆ ವಿದ್ಯಾಭ್ಯಾಸವು ಹೊಸದಾಗುವುದಿಲ್ಲ. ಬಂದ ಉತ್ತರಕ್ಕೆ ಬೆಲೆಯಿಲ್ಲದೆ, ಬರಬೇಕಾದ ಉತ್ತರಕ್ಕೆ ಮಾತ್ರ ಅಂಕಗಳಿರುವ ತನಕ ಎಷ್ಟು ಸೂಕ್ಷ್ಮವಾದ ಉಪಕರಣವನ್ನು ಕೊಟ್ಟರೂ ವಿದ್ಯಾರ್ಥಿಯು 981 ಎಂದೇ ಬರೆಯುವನು. ಈಗಂತೂ ಅಪಾಯವು ಇನ್ನಷ್ಟು ಬೆಳೆದಿದೆ. ಲೋಲಕದ ಪ್ರಯೋಗದ ಅಳತೆಗಳನ್ನು ಬರೆದುಕೊಡು ಎಂದರೆ ಕೃತಕ ಬುದ್ಧಿಯ ತಂತ್ರಾಂಶವು ಕ್ಷಣಾರ್ಧದಲ್ಲಿ ಕೋಷ್ಟಕವನ್ನು ತುಂಬಿಕೊಡುತ್ತದೆ. ಸಹಜವಾಗಿ ಕಾಣುವಂತೆ ಸಣ್ಣಪುಟ್ಟ ವ್ಯತ್ಯಾಸಗಳನ್ನೂ ಸೇರಿಸಬಲ್ಲದು. ಆದರೆ ಅದು ಯಾವ ಲೋಲಕವನ್ನೂ ತೂಗಿಲ್ಲ. ಹಿಂದೆ ಸುಳ್ಳು ಕೋಷ್ಟಕವನ್ನು ಬರೆಯುವುದಕ್ಕೆ ಒಂದಿಷ್ಟು ಲೆಕ್ಕವಾದರೂ ಬರಬೇಕಾಗಿತ್ತು. ಇಂದು ಅದೂ ಬೇಡ. ಹೀಗಿರುವಲ್ಲಿ ಅಂಕಗಳು ಸಲ್ಲಬೇಕಾದುದು ಉತ್ತರಕ್ಕಲ್ಲ, ಅಳೆದ ರೀತಿಗೆ. ಕೋಷ್ಟಕಕ್ಕಲ್ಲ, ಪರೀಕ್ಷಕರ ಎದುರಿನಲ್ಲಿ ಮಾಡಿ ತೋರಿಸಿದ ಕೆಲಸಕ್ಕೆ ಮತ್ತು ದೋಷವೆಷ್ಟಿರಬಹುದೆಂದು ಕೊಟ್ಟ ವಿವರಣೆಗೆ.

ನಮ್ಮ ಮಾತಿಗೆ ಆಕ್ಷೇಪಣೆಗಳು ಇಲ್ಲದಿಲ್ಲ. ಎಲ್ಲ ವಿದ್ಯಾರ್ಥಿಗಳಲ್ಲಿಯೂ ಮೊಬೈಲು ಇಲ್ಲವೆಂಬುದು ಮೊದಲನೆಯದು. ನಿಜ. ಆದರೆ ಐವರಿಗೆ ಒಂದು ಇದ್ದರೆ ಸಾಕು; ಒಬ್ಬನು ಹಿಡಿಯಲಿ, ಒಬ್ಬಳು ಓದಲಿ, ಉಳಿದವರು ಬರೆದು ವಾದಿಸಲಿ. ಮೊಬೈಲು ಕೈಗೆ ಬಂದರೆ ಹುಡುಗರ ಮನಸ್ಸು ಬೇರೆಡೆಗೆ ಹರಿಯುವುದೆಂಬುದು ಎರಡನೆಯದು. ಇದೂ ನಿಜ. ಅಳತೆಯ ಹೊತ್ತಿನಲ್ಲಿ ಸಂಪರ್ಕವನ್ನು ಕಡಿದುಹಾಕಿ, ಅಳತೆ ಮುಗಿದೊಡನೆ ಅದನ್ನು ಮೇಜಿನ ಮೂಲೆಯಲ್ಲಿಡುವ ನಿಯಮವು ಇರತಕ್ಕದ್ದು. ಕಲಿಕೆಗೆ ನೆರವಾಗುವಲ್ಲಿ ಮಾತ್ರ ಇಂತಹ ಸಾಧನಗಳನ್ನು ಬಳಸಬೇಕೆಂದು ಯುನೆಸ್ಕೊ ಸಂಸ್ಥೆಯು 2023ರ ತನ್ನ ಶಿಕ್ಷಣ ವರದಿಯಲ್ಲಿ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ನಾವು ಒಪ್ಪುತ್ತೇವೆ. ಪಾಠದುದ್ದಕ್ಕೂ ಅದು ಕೈಯಲ್ಲಿರಬೇಕೆಂದು ನಾವು ಹೇಳುತ್ತಿಲ್ಲ. ತಕ್ಕಡಿಯೂ ಅಳತೆಪಟ್ಟಿಯೂ ಕೈಗೆ ಬರುವಷ್ಟು ಹೊತ್ತು ಅದೂ ಬರಲಿ ಎಂದಷ್ಟೇ ಹೇಳುತ್ತೇವೆ. ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಉತ್ತರವು ಮೊದಲೇ ಗೊತ್ತಿಲ್ಲದ ಪ್ರಯೋಗದಲ್ಲಿ ಅಧ್ಯಾಪಕರೂ ಎಡವಬಹುದೆಂಬ ಭಯ. ಎಡವೋಣ. ವಿದ್ಯಾರ್ಥಿಗಳೆದುರು “ಇದು ಹೀಗೇಕಾಯಿತೋ ತಿಳಿಯದು, ನೋಡೋಣ” ಎಂದು ಹೇಳಿದ ದಿನಗಳೇ ನಮ್ಮ ಅತ್ಯುತ್ತಮ ಪಾಠಗಳ ದಿನಗಳಾಗಿವೆ.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಮ್ಮ ಅನುಮತಿಗಾಗಿ ನೀವು ಕಾಯಬೇಕಾದುದಿಲ್ಲ. ಗೆಳೆಯರಿಬ್ಬರು ಐದು ಮೀಟರು ದೂರದಲ್ಲಿ ಎರಡು ಮೊಬೈಲುಗಳೊಡನೆ ನಿಂತು, ಶಬ್ದದಿಂದ ಚಾಲನೆಗೊಂಡು ಶಬ್ದದಿಂದಲೇ ನಿಲ್ಲುವ ಗಡಿಯಾರವನ್ನು ಫೈಫಾಕ್ಸಿನಲ್ಲಿ ತೆರೆಯಿರಿ. ಒಬ್ಬನು ಚಪ್ಪಾಳೆ ತಟ್ಟಲಿ, ಕ್ಷಣ ಬಿಟ್ಟು ಇನ್ನೊಬ್ಬನು ತಟ್ಟಲಿ. ಎರಡು ಗಡಿಯಾರಗಳೂ ತೋರಿಸುವ ಕಾಲಗಳಲ್ಲಿ ಸೆಕೆಂಡಿನ ಸುಮಾರು ನೂರನೆಯ ಮೂರು ಭಾಗದಷ್ಟು ವ್ಯತ್ಯಾಸ ಬರುತ್ತದೆ. ಅದು ಶಬ್ದವು ನಿಮ್ಮಿಬ್ಬರ ನಡುವೆ ಒಮ್ಮೆ ಹೋಗಿ ಒಮ್ಮೆ ಬರಲು ಹಿಡಿದ ಕಾಲ. ಅದರಿಂದ ಹತ್ತು ಮೀಟರನ್ನು ಭಾಗಿಸಿದರೆ ಶಬ್ದದ ಜವವು ನಿಮ್ಮ ಕೈಯಲ್ಲಿರುತ್ತದೆ.

ಮೊಬೈಲೇ ಇಲ್ಲದಿದ್ದರೆ ದಾರವೂ ಗುಂಡೂ ಒಂದು ಗಡಿಯಾರವೂ ಸಾಕು. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಮಿಲಿಮೀಟರು ತಪ್ಪದಂತೆ ಅಳೆಯಿರಿ. ಐದು ಡಿಗ್ರಿಗಳಿಗಿಂತ ಹೆಚ್ಚು ವಾಲದಂತೆ ತೂಗಬಿಡಿ. ಇಪ್ಪತ್ತಲ್ಲ, ನೂರು ಆಂದೋಲನಗಳನ್ನು ಎಣಿಸಿರಿ. ಆಗ ಬೆರಳಿನ ದೋಷವು ಉತ್ತರದಲ್ಲಿ 10ರಿಂದ 2ಕ್ಕೆ ಇಳಿಯುತ್ತದೆ. 978ನ್ನೂ 981ನ್ನೂ ಬೇರ್ಪಡಿಸುವ ಆಸೆಯನ್ನು ಇಟ್ಟುಕೊಳ್ಳಬಹುದು. ಬಂದ ಅಂಕೆಯನ್ನು ಅದರ ದೋಷದೊಡನೆ, ನಿಮ್ಮ ಊರಿನ ಹೆಸರಿನೊಡನೆ ಪುಸ್ತಕದಲ್ಲಿ ಬರೆದಿಡಿ. ಅದು ಪಠ್ಯಪುಸ್ತಕದ ಅಂಕೆಗೆ ಹೊಂದದಿದ್ದರೆ ಅಳಿಸಬೇಡಿ. ಅದು ನಿಮ್ಮ ನೆಲವು ನಿಮಗೇ ಹೇಳಿದ ಮಾತು.